ಗಾಜಿನ ಮನೆಗೆ ಬಂದ ಮೈಲುತುತ್ತ

ಪುಣೆ
೧೨-೨-೧೯೯೯

ತೀರ್ಥರೂಪ ಅಪ್ಪಯ್ಯನಿಗೆ ನಮಿತಾಳ ನಮಸ್ಕಾರಗಳು.

ಆಯಿಯ ಮೊಣಕಾಲು ನೋವು ಈಗ ಹೇಗಿದೆ? ನಾನು ಚೆನ್ನಾಗಿದ್ದೇನೆ. ಮೆಸ್ಸಿನ ಊಟಕ್ಕೆ ಒಗ್ಗಿಕೊಂಡಿದ್ದೇನೆ, ತಂಬುಳಿಯೊಂದು ಮಾತ್ರ ಇಲ್ಲಿ ಯಾರಿಗೂ ಗೊತ್ತಿಲ್ಲ.

‘ಮಗಳು ಪುಣೆಯಲ್ಲಿ ಏನು ಮಾಡುತ್ತಾಳೆ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ, ಸಂಶೋಧನೆ ಎಂದು ಹೇಳಿ ಮಾತು ತಪ್ಪಿಸುತ್ತೇನೆ’ ಎಂದು ಬರೆದಿದ್ದಿರಿ. ಇನ್ನು ತಪ್ಪಿಸಬೇಡಿ, ಈ ಪತ್ರವನ್ನೇ ಓದಿ ಹೇಳಿ. ಪ್ರತಿ ಗಿಡದೊಳಗೂ ಕಿಣ್ವಗಳೆಂಬ ಕೆಲಸಗಾರರಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅವರಿಲ್ಲದೆ ಒಂದು ಎಲೆಯೂ ಬಿಡುವುದಿಲ್ಲ. ಅವರಲ್ಲಿ ಒಬ್ಬನ ಕೆಲಸ ಕಾವಲು. ಕೊಳೆರೋಗದಂಥದ್ದು ಬೇರಿಗೆ ಹತ್ತಿದಾಗ ಕಹಿ ಪದಾರ್ಥ ಮಾಡಿಸುವುದು, ಗೋಡೆ ದಪ್ಪ ಮಾಡಿಸುವುದು ಅವನ ಪಾಲಿನದು. ಸಾಮಾನ್ಯ ಗಿಡದಲ್ಲಿ ಈ ಕಿಣ್ವ ಕಡಿಮೆ, ಬರುವುದೂ ತಡವಾಗಿ. ಅಷ್ಟರಲ್ಲಿ ಬುಡ ಕೊಳೆತು ಹೋಗಿರುತ್ತದೆ. ನಾನು ತಂಬಾಕಿನ ಗಿಡದಲ್ಲಿ ಅದು ಹಗಲೂ ರಾತ್ರಿ ತುಂಬಾ ತಯಾರಾಗುವಂತೆ ಮಾಡಿದೆ. ಬದಲಾಯಿಸುವುದು ತಂಬಾಕಿನಲ್ಲಿ ಸುಲಭ, ಅದಕ್ಕೇ ತಂಬಾಕು. ನಾಳೆ ಕಾಳುಮೆಣಸಿನ ಬಳ್ಳಿಗೆ ಈ ವಿದ್ಯೆ ಬಂದರೆ ನಮ್ಮ ಕಡೆಯವರ ಕಣ್ಣೀರು ಸ್ವಲ್ಪ ಕಡಿಮೆಯಾದೀತು.

ರೋಗವೇನೋ ಹತ್ತಿರ ಸುಳಿಯಲಿಲ್ಲ. ಆದರೆ ಗಿಡಗಳು ಬೆಳೆಯಲೇ ಇಲ್ಲ, ಅಪ್ಪಯ್ಯ. ಗೇಣುದ್ದಕ್ಕೇ ನಿಂತವು, ಎಲೆ ಮುರುಟಿಕೊಂಡಿತು. ಮನೆಗೆ ತಂದ ಅಕ್ಕಿಯೆಲ್ಲ ಕಾವಲುಗಾರರ ಊಟಕ್ಕೇ ಹೋದರೆ ಮಕ್ಕಳಿಗೆ ಉಳಿಯುವುದೇನು? ನಮ್ಮ ಗೈಡ್ ಅವನ್ನು ನೋಡಿ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ನಿಮ್ಮ ಮಗಳು
ನಮಿತಾ

*

ಶಿರಸಿ
೨-೩-೧೯೯೯

ಚಿ. ನಮಿತಾಳಿಗೆ ಅಪ್ಪಯ್ಯನ ಆಶೀರ್ವಾದಗಳು.

ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಿ ಹೇಳಿದೆ. ಎಕ್ಕಂಬಿಯ ಕೆರಿಯಪ್ಪ ಪೂರ್ತಿ ಕೇಳಿ, ಹಾಗಾದರೆ ಇನ್ನು ಮೈಲುತುತ್ತ ಕೊಳ್ಳುವುದು ಬೇಡವಲ್ಲವೇ ಎಂದು ಎದ್ದು ಹೊರಟೇಬಿಟ್ಟ. ಕರೆದು ಕೂರಿಸಬೇಕಾಯಿತು. ಶಿರಸಿ ಪೇಟೆಯಲ್ಲಿ ಕೊಳೆರೋಗದ ಮದ್ದಿಗೆ ಬೇಕಾದ ನೀಲಿ ಮೈಲುತುತ್ತ, ಸುಣ್ಣ, ರಾಳ ಮಾರಿ ನಿನ್ನನ್ನು ಓದಿಸಿದೆ. ನೀನು ಮದ್ದೇ ಬೇಡದ ಗಿಡ ಮಾಡಲು ಹೊರಟಿದ್ದೀಯೆ. ಇದಕ್ಕೇ ಇರಬೇಕು, ಮನೆಯ ಮಗುವಿಗಿಂತ ದೊಡ್ಡ ಪೈಪೋಟಿಯಿಲ್ಲ ಎನ್ನುವುದು. ಯಾರೂ ಹಾಗೆ ಅಂದಿಲ್ಲ, ನಾನೇ ಈಗ ಅಂದೆ.

ನಿನ್ನ ಕುಳ್ಳ ಗಿಡಗಳ ವಿಷಯ ಕೇಳಿ ನಿನ್ನ ಆಯಿಗೆ ಬೇಸರವಾಯಿತು. ನನಗೆ ಹಾಗನ್ನಿಸಲಿಲ್ಲ. ಕುಳ್ಳಾದರೇನು, ಜೀವ ಉಳಿಯಿತಲ್ಲ? ನೀನು ಸಣ್ಣವಳಿದ್ದಾಗ ಮಳೆಗಾಲ ಪೂರ್ತಿ ನಿನ್ನನ್ನು ಕಂಬಳಿ ಕೊಪ್ಪೆಯಿಲ್ಲದೆ ಅಂಗಳಕ್ಕೆ ಬಿಟ್ಟವನಲ್ಲ ನಾನು. ಶಾಲೆಯ ಆಟಕ್ಕೂ ಕಳಿಸಲಿಲ್ಲವೆಂದು ನಿನ್ನ ಆಯಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆದರೂ ನೀನು ನನಗಿಂತ ಎತ್ತರ ಬೆಳೆದೆ. ನಿನ್ನ ಗೈಡಿಗೆ ಈ ಉದಾಹರಣೆ ಹೇಳು.

ಕಿರವತ್ತಿಯ ಇಕ್ಬಾಲ್ ಈಗ ಲಾರಿಯಲ್ಲಿ ಅಡಿಕೆ ತುಂಬಿಕೊಂಡು ಪುಣೆಗೂ ಬರುತ್ತಾನೆ. ಒಂದು ಸಲ ಅವನ ಜೊತೆ ಹತ್ತಿ ಬಂದುಬಿಡಲೇ ಎಂದು ಆಸೆಯಾಗಿದೆ.

ಇತಿ
ಶಾಂತಾರಾಮ ಹೆಗಡೆ
(ನಿನ್ನ ಅಪ್ಪಯ್ಯ. ಅಂಗಡಿಯ ರಸೀದಿ ಬರೆದ ಕೈ, ರುಜು ತಾನಾಗಿ ಬಿತ್ತು)

*

ಪುಣೆ
೨೦-೬-೧೯೯೯

ಅಪ್ಪಯ್ಯನಿಗೆ ನಮಸ್ಕಾರಗಳು.

ತಡವಾಗಿ ಬರೆಯುತ್ತಿದ್ದೇನೆ, ಆದರೆ ಒಳ್ಳೆಯ ಸುದ್ದಿಯಿದೆ. ಸಾದಾ ಗಿಡ, ಕುಳ್ಳ ಗಿಡ ಬಿಟ್ಟು ಮೂರನೆಯ ಬಗೆಯ ಗಿಡ ಸಿದ್ಧವಾಗಿದೆ. ಇದರಲ್ಲಿ ಆ ಕಿಣ್ವ ಸದಾ ತಯಾರಾಗುವುದಿಲ್ಲ. ರೋಗ ಬೇರನ್ನು ಮುಟ್ಟಿದಾಗ ಮಾತ್ರ ಥಟ್ಟನೆ ಶುರುವಾಗಬೇಕು, ಕೆಲಸ ಮುಗಿದ ಮೇಲೆ ನಿಲ್ಲಬೇಕು. ಇದಕ್ಕೆ ಎಚ್ಚರದ ಗಿಡ ಎಂದು ಹೆಸರಿಟ್ಟಿದ್ದೇನೆ. ಎಷ್ಟು ಚೆನ್ನಾಗಿ ಬೆಳೆದಿದೆಯೆಂದರೆ ಸಾದಾ ಗಿಡದ ಪಕ್ಕ ಇಟ್ಟರೆ ನನಗೇ ಗುರುತು ಸಿಗುವುದಿಲ್ಲ.

ಆದರೆ ರೋಗ ಬಂದಾಗ ಅದು ನಿಜವಾಗಿ ಎಚ್ಚರಗೊಳ್ಳುತ್ತದೆಯೇ? ಅದು ಇನ್ನೂ ಯಾರಿಗೂ ಗೊತ್ತಿಲ್ಲ. ಆಗಸ್ಟ್ ತಿಂಗಳಲ್ಲಿ ಎಲ್ಲ ಕುಂಡಗಳ ಬುಡಕ್ಕೂ ರೋಗದ ನೀರು ಹಾಕಿ ನೋಡಬೇಕು. ಸಾದಾ ಗಿಡ ಸತ್ತು, ಎಚ್ಚರದ ಗಿಡ ಬದುಕಿದರೆ ನನ್ನ ಐದು ವರ್ಷಕ್ಕೆ ಅರ್ಥ ಬಂದಂತೆ. ಇಲ್ಲದಿದ್ದರೆ ಬರಿಗೈಯಲ್ಲಿ ಊರಿಗೆ ಬರುತ್ತೇನೆ. ಫೆಲೋಶಿಪ್ಪು ಬರುವ ಮಾರ್ಚಿಗೆ ಮುಗಿಯುತ್ತದೆ, ಗಿಡ ಬೆಳೆಸಲು ನನಗೆ ಕೊಟ್ಟ ಗಾಜಿನ ಮನೆಯನ್ನು ಆಮೇಲೆ ಬೇರೆಯವರಿಗೆ ಕೊಡುತ್ತಾರೆ.

ಇಕ್ಬಾಲಣ್ಣನ ಲಾರಿಯಲ್ಲಿ ಖಂಡಿತ ಬನ್ನಿ. ಆಗಸ್ಟಿನಲ್ಲೇ ಬನ್ನಿ. ಪರೀಕ್ಷೆಗೆ ಮೊದಲು ನಿಮ್ಮನ್ನು ನೋಡಿದರೆ ನನಗೆ ಧೈರ್ಯ.

ನಮಿತಾ

*

ಶಿರಸಿ
೧೯-೮-೧೯೯೯

ಚಿ. ನಮಿತಾಳಿಗೆ ಆಶೀರ್ವಾದಗಳು.

ಕ್ಷೇಮವಾಗಿ ಬಂದು ಮುಟ್ಟಿದೆ. ಬೆಳಗಾವಿ ದಾಟುವವರೆಗೂ ಇಕ್ಬಾಲನಿಗೆ ನಿನ್ನ ಗಾಜಿನ ಮನೆಯ ವರ್ಣನೆ ಮಾಡಿದೆ. ಕೊನೆಗೆ ಅವನು, “ಹೆಗಡೇರ, ಇನ್ನ ಸ್ವಲ್ಪ ಮಲ್ಕೋರ್ರಿ” ಅಂದ.

ನಿನಗೊಂದು ಮಾತು ಹೇಳುವುದು ಗಡಿಬಿಡಿಯಲ್ಲಿ ಮರೆತೇಹೋಯಿತು. ನೀನು ಸಭೆಗೆಂದು ನನ್ನನ್ನು ಗಿಡಗಳ ಹತ್ತಿರ ಕೂರಿಸಿ ಹೋದೆಯಲ್ಲ, ಆಗ ಒಂದೊಂದೇ ಕುಂಡ ನೋಡುತ್ತ ಬಂದೆ. ಎರಡು ದಿನದಲ್ಲಿ ರೋಗ ಹಾಕುವವರಿದ್ದೀರಿ, ಯಾವ ಬುಡಕ್ಕೂ ಮದ್ದು ಬಿದ್ದಿಲ್ಲ! ಓದಿನ ತಲೆಬಿಸಿಯಲ್ಲಿ ಅದೊಂದನ್ನು ಮರೆತಿದ್ದೀಯೆಂದು ತಿಳಿಯಿತು. ಮಳೆ ಹಿಡಿಯುವ ಮೊದಲೇ ಮದ್ದು ಬೀಳಬೇಕು, ರೋಗ ಬಂದ ಮೇಲೆ ಹಾಕಿದ್ದು ಹೆಣಕ್ಕೆ ಮಾಡಿದ ಶೃಂಗಾರ. ಗಿರಾಕಿಗಳಿಗೆ ಮಾದರಿ ತೋರಿಸುವ ಮೈಲುತುತ್ತದ ಪೊಟ್ಟಣ ನನ್ನ ಚೀಲದಲ್ಲಿತ್ತು. ಗೇಟಿನ ಹೊರಗಿನ ಪಾನ್ ಅಂಗಡಿಯಲ್ಲಿ ಸುಣ್ಣ ತಂದೆ. ಅಲ್ಲಿನ ಮಾಲಿ ಬಕೆಟ್ಟು ಕೊಟ್ಟ, ಒಳ್ಳೆಯ ಮನುಷ್ಯ. ನನ್ನ ಮರಾಠಿ ಕೇಳಿ ಇಡೀ ದಿನ ನಕ್ಕ. ಕ್ಷೌರದ ಬ್ಲೇಡು ಅದ್ದಿ, ಅದಕ್ಕೆ ಕೆಂಪು ಹತ್ತುವುದಿಲ್ಲವೆಂದು ಹದ ನೋಡಿ, ಎಲ್ಲ ಕುಂಡಗಳ ಬುಡಕ್ಕೂ ಒಂದೇ ಸಮ ಹಾಕಿ, ಮೇಲೆ ಹಿಡಿ ಹಿಡಿ ಮಣ್ಣು ಮುಚ್ಚಿ ಬಂದಿದ್ದೇನೆ. ನಿನ್ನ ಎಚ್ಚರದ ಗಿಡಕ್ಕೆ ಮಾತ್ರವಲ್ಲ, ಸಾದಾ ಗಿಡಕ್ಕೂ ಹಾಕಿದೆ. ಪಂಕ್ತಿಭೇದ ಮಾಡಲಿಲ್ಲ.

ಈಗ ನಿಶ್ಚಿಂತೆಯಿಂದ ಪರೀಕ್ಷೆ ಮಾಡು. ಒಂದು ಗಿಡವೂ ಸಾಯುವುದಿಲ್ಲ, ಬರೆದಿಟ್ಟುಕೋ.

ಇತಿ
ನಿನ್ನ ಅಪ್ಪಯ್ಯ

*

ಪುಣೆ
೨೪-೮-೧೯೯೯

ಅಪ್ಪಯ್ಯನಿಗೆ ನಮಸ್ಕಾರಗಳು.

ಇಲ್ಲೇನೋ ವಿಚಿತ್ರವಾಗುತ್ತಿದೆ. ರೋಗದ ನೀರು ಹಾಕಿ ವಾರವಾಯಿತು. ಒಂದು ಗಿಡವೂ ಸತ್ತಿಲ್ಲ. ಎಚ್ಚರದ ಗಿಡ ಬದುಕಿದರೆ ಕುಣಿಯುತ್ತಿದ್ದೆ; ಸಾದಾ ಗಿಡಗಳೂ ನೆಟ್ಟಗೆ ನಿಂತಿವೆ. ಸಾಯಬೇಕಾದವು ಸಾಯದಿದ್ದರೆ ಬದುಕಿದವು ಯಾಕೆ ಬದುಕಿದವೆಂದು ಹೇಗೆ ಹೇಳಲಿ? ರೋಗಾಣುವೇ ಸತ್ತಿರಬೇಕೆಂದು ಗೈಡ್ ಅನುಮಾನಪಟ್ಟರು. ಬೇರೆ ಕುಂಡದ ಎಳೆ ಸಸಿಗೆ ಹಾಕಿ ನೋಡಿದೆ, ಅದು ಮೂರೇ ದಿನದಲ್ಲಿ ಮಲಗಿಬಿಟ್ಟಿತು. ರೋಗಾಣು ಜೀವಂತವಿದೆ. ಹಾಗಾದರೆ ನಾನು ಎಲ್ಲಿ ತಪ್ಪಿದೆ?

ಊಟ ಸೇರುತ್ತಿಲ್ಲ. ಆಯಿಗೆ ಇದನ್ನು ಹೇಳಬೇಡಿ. ನಿಮಗೆ ಬರೆದರೆ ಸ್ವಲ್ಪ ಹಗುರವಾಗುತ್ತದೆ, ಅದಕ್ಕೆ ಬರೆದೆ.

ನಮಿತಾ

*

ಪುಣೆ
೨೮-೮-೧೯೯೯

ಅಪ್ಪಯ್ಯನಿಗೆ,

ನಿಮ್ಮ ಹತ್ತೊಂಬತ್ತನೇ ತಾರೀಕಿನ ಪತ್ರ ಇವತ್ತು ಸಿಕ್ಕಿತು. ಕುಂಡದ ಮೇಲ್ಮಣ್ಣು ಕೆದರಿ ನೋಡಿದೆ. ನೀಲಿ ಕಾಣಿಸಿತು.

ನಾನು ಮರೆತಿರಲಿಲ್ಲ. ಮದ್ದಿಲ್ಲದೆ ಅವು ಏನು ಮಾಡುತ್ತವೆಂದು ನೋಡುವುದೇ ನನ್ನ ಕೆಲಸವಾಗಿತ್ತು. ಐದು ವರ್ಷದ ಕೆಲಸ ಅದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಯಾವತ್ತೂ ಕೇಳಿದವರಲ್ಲ ನೀವು.

ಗೈಡಿಗೆ ನಿಜ ಹೇಳಿದ್ದೇನೆ. ಎಲ್ಲ ಗಿಡಗಳನ್ನೂ ಸುಟ್ಟೆವು. ಸದ್ಯಕ್ಕೆ ಪತ್ರ ಬರೆಯಬೇಡಿ.

ನಮಿತಾ

*

ಶಿರಸಿ
೨೧-೧೦-೧೯೯೯

ಚಿ. ನಮಿತಾಳಿಗೆ ಆಶೀರ್ವಾದಗಳು.

ಬರೆಯಬೇಡಿ ಎಂದು ನೀನು ಅಂದಿದ್ದೆ. ಹಬ್ಬ ಮುಗಿಯುವವರೆಗೆ ಬರೆಯಲಿಲ್ಲ. ಇನ್ನು ತಡೆಯಲಾಗುವುದಿಲ್ಲ.

ನಿನ್ನ ಪತ್ರ ಓದಿದ ದಿನ ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದೆ. ನಿನ್ನ ಆಯಿಗೆ ಓದಿ ಹೇಳಿದೆ. ಅವಳು ನನ್ನ ಪರ ಮಾತಾಡುತ್ತಾಳೆ, ಕೂಸು ಸಿಟ್ಟಿನಲ್ಲಿ ಬರೆದದ್ದು ಬಿಡಿ ಎನ್ನುತ್ತಾಳೆ ಎಂದು ಕಾದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಅಂದಳು: “ನಿಂಗ ಎಲ್ಲದ್ರ ಬುಡಕ್ಕೂ ಮದ್ದು ಹಾಕ್ತ್ರಿ. ಒಂದನ್ನಾದ್ರೂ ಅದ್ರಷ್ಟಕ್ಕೆ ಬಿಟ್ಟು ನೋಡಿದ್ದು ಇದ್ದ?”

ಎದ್ದು ಹೋಗಿ ನಿನ್ನ ಪತ್ರವನ್ನು ಇನ್ನೊಮ್ಮೆ ಓದಿದೆ.

ಸಮಜಾಯಿಷಿ ಕೊಡುವುದಿಲ್ಲ. ಒಳ್ಳೆಯದಾಗಲೆಂದು ಮಾಡಿದೆ ಎಂದು ನಾನು ಅಂದರೆ, ಅದನ್ನೇ ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ ಎಂದು ನೀನು ಅಂದುಬಿಡುತ್ತೀಯೆ. ನಿನ್ನ ಗಿಡ ಸುಟ್ಟಿರೆಂದು ಓದಿದೆ. ಮತ್ತೆ ಬಿತ್ತಲು ಹೊತ್ತಿದೆಯೇ? ಅಷ್ಟು ಮಾತ್ರ ತಿಳಿಸು. ಒಂದು ಕಾರ್ಡು ಸಾಕು, ಅದರಲ್ಲಿ ನನ್ನ ಹೆಸರು ಬರೆಯದಿದ್ದರೂ ನಡೆಯುತ್ತದೆ, ಆಯಿಯ ಹೆಸರಿಗೆ ಹಾಕು.

ಇತಿ
ಅಪ್ಪಯ್ಯ

*

ಪುಣೆ
೧೦-೧೨-೧೯೯೯

ಅಪ್ಪಯ್ಯನಿಗೆ ನಮಸ್ಕಾರಗಳು.

ನಿಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ಬರೆಯದೆ ಇದ್ದದ್ದು ಸಿಟ್ಟಿನಿಂದ ಶುರುವಾಯಿತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಏನು ಬರೆಯುವುದೆಂದು ತಿಳಿಯಲಿಲ್ಲ. ಆಯಿ ಇಕ್ಬಾಲಣ್ಣನ ಕೈಯಲ್ಲಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಬಂದಿತ್ತು. ಭರಣಿಗೆ ಬಟ್ಟೆ ಕಟ್ಟಿದ ಗಂಟು ಆಯಿಯದಲ್ಲ, ಅಂಗಡಿಯ ಪೊಟ್ಟಣ ಕಟ್ಟುವವರ ಗಂಟು. ಅದನ್ನು ಕಂಡು ಅತ್ತುಬಿಟ್ಟೆ.

ಮತ್ತೆ ಬಿತ್ತಿದ್ದೇನೆ. ಗಿಡಗಳು ಈಗ ಮೊಳದಷ್ಟು ಎತ್ತರ ಬೆಳೆದಿವೆ. ಜನವರಿಯಲ್ಲಿ ರೋಗ ಹಾಕಬೇಕು, ಗಾಜಿನ ಮನೆ ಮಾರ್ಚಿನವರೆಗೆ ಮಾತ್ರ ನನ್ನದು. ಇದು ಕಡೆಯ ಸಲ.

ನಮ್ಮ ಗೈಡ್ ಒಂದು ಕರಾರು ಹಾಕಿದ್ದಾರೆ. ರೋಗ ಹಾಕುವವರ ಕೈ ತಮಗೆ ಬೇಕಾದ ಗಿಡದ ಕಡೆಗೆ ಗೊತ್ತಿಲ್ಲದೆಯೇ ವಾಲುತ್ತದಂತೆ. ಆದ್ದರಿಂದ ಸಾದಾ ಗಿಡ, ಎಚ್ಚರದ ಗಿಡ ಎರಡನ್ನೂ ಬೆರೆಸಿ ಅವರೇ ನಂಬರು ಹಾಕಿದ್ದಾರೆ. ಯಾವುದು ಯಾವುದೆಂಬ ಪಟ್ಟಿ ಅವರ ಬೀರುವಿನಲ್ಲಿದೆ. ರೋಗದ ನೀರನ್ನು ಲ್ಯಾಬಿಗೆ ಸಂಬಂಧವಿಲ್ಲದವರು, ಬುಡಕ್ಕೆ ಒಂದೇ ಸಮ ಹಾಕಲು ಬರುವವರು ಹಾಕಬೇಕು. ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಒಬ್ಬರಿದ್ದಾರೆ ಸರ್ ಎಂದೆ. ಯಾರೆಂದು ತಿಳಿದು ಗಾಬರಿಯಾದರು, ಆಮೇಲೆ ಬಹಳ ಹೊತ್ತು ನಕ್ಕರು, ಆಮೇಲೆ ಒಪ್ಪಿದರು.

ಬನ್ನಿ. ಈ ಸಲ ನಿಮ್ಮ ಕೈಯಿಂದ ಮದ್ದಲ್ಲ, ರೋಗ ಹಾಕಿಸುತ್ತೇನೆ. ಚೀಲವನ್ನು ಗೇಟಿನಲ್ಲೇ ತಪಾಸಣೆ ಮಾಡುತ್ತೇನೆ.

ನಿಮ್ಮ
ನಮಿತಾ

*

ಪುಣೆ
೧೬-೧-೨೦೦೦

ಚಿ. ಸೌ. ಸೀತೆಗೆ ಆಶೀರ್ವಾದಗಳು.

ಕೆಲಸ ಮುಗಿಯಿತು. ನಮ್ಮ ಕೂಸು ತೆಳ್ಳಗಾಗಿದೆ, ಉಳಿದಂತೆ ಚೆನ್ನಾಗಿದೆ. ನೀನು ಕೊಟ್ಟ ಕೇಸರಿಬಾತನ್ನು ಅವಳ ಗೆಳತಿಯರೇ ತಿಂದು ಮುಗಿಸಿದರು.

ನಿನ್ನೆ ಬೆಳಿಗ್ಗೆ ಗಾಜಿನ ಮನೆಗೆ ಕರೆದುಕೊಂಡು ಹೋದಳು. ಹಸಿರೆಂದರೆ ಎಂಥ ಹಸಿರು, ಸೀತೆ, ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ. ಕೈಗೆ ಒಂದು ಅಳತೆಯ ಲೋಟ ಕೊಟ್ಟಳು. ಅದರೊಳಗಿನ ನೀರು ನೋಡಿದರೆ ಏನೂ ಇಲ್ಲ, ಅಕ್ಕಿ ತೊಳೆದ ನೀರಿನಂತೆ. “ಒಂದು ಕುಂಡಕ್ಕೂ ಹೆಚ್ಚು ಕಮ್ಮಿ ಮಾಡ್ಲಾಗ” ಅಂದಳು. ಹೆಚ್ಚು ಕಮ್ಮಿ ಮಾಡುವ ಕೈಯಲ್ಲ ಇದು, ಆದರೆ ಮೊದಲನೆಯ ಕುಂಡದ ಹತ್ತಿರವೇ ಲೋಟ ಕೆಳಗಿಟ್ಟೆ. ಆಯುಷ್ಯವೆಲ್ಲ ಯಾವುದನ್ನು ಓಡಿಸಲು ಮದ್ದು ಮಾರಿದೆನೋ ಅದನ್ನೇ ನನ್ನ ಕೈಯಾರೆ ಹಾಕುವುದು. ಅದೂ ಅವಳು ಎರಡನೇ ಸಲ ಬೆಳೆಸಿದ ಗಿಡಕ್ಕೆ.

ನನಗೆ ತಡೆಯಲಾಗಲಿಲ್ಲ. “ಇದ್ರಲ್ಲಿ ನಿನ್ನ ಗಿಡ ಯಾವ್ದು, ಒಂದೇ ಒಂದು ಸಲ ಹೇಳು” ಎಂದು ಕೇಳಿದೆ.

“ನಂಗೂ ಗೊತ್ತಿಲ್ಲೆ, ಅಪ್ಪಯ್ಯ.”

ಅವಳ ಮುಖ ನೋಡಿದೆ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ನನ್ನಷ್ಟೇ ಹೆದರಿದ್ದಳು. ಹೆದರಿಕೊಂಡೇ ನಿಂತಿದ್ದಳು, ಓಡಿ ಹೋಗಿ ಯಾವುದಕ್ಕೂ ಕೈ ಅಡ್ಡ ಹಿಡಿಯಲಿಲ್ಲ. ಇಷ್ಟು ಗಟ್ಟಿ ಜೀವ ನಮ್ಮ ಮನೆಯಲ್ಲಿ ಯಾರಿಂದ ಬಂತು ಎಂದು ಯೋಚಿಸಿದೆ. ನಿನ್ನಿಂದ ಇರಬೇಕು, ನನ್ನಿಂದಲ್ಲ. ಆಮೇಲೆ ಲೋಟ ಎತ್ತಿಕೊಂಡೆ. ಕೊನೆಯ ಕುಂಡದವರೆಗೂ ಒಂದೇ ಸಮ ಹಾಕಿದೆ.

ಎರಡು ವಾರವಾದರೂ ಬೇಕಂತೆ ಪೂರ್ತಿ ಫಲಿತಾಂಶಕ್ಕೆ. ಇದ್ದು ನೋಡಿಕೊಂಡು ಹೋಗಲೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ನಾಳೆ ಇಕ್ಬಾಲನ ಲಾರಿಗೆ ಹೊರಡುತ್ತೇನೆ. ನಾನು ಇಲ್ಲಿ ಕೂತಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಸುಣ್ಣ ಹುಡುಕಿಕೊಂಡು ಹೋದೇನು ಎಂದು ನನಗೇ ನನ್ನ ಮೇಲೆ ನಂಬಿಕೆಯಿಲ್ಲ. ಈ ಪತ್ರಕ್ಕಿಂತ ಮೊದಲು ನಾನೇ ಬಂದು ಮುಟ್ಟಬಹುದು. ಆದರೂ ಬರೆದೆ, ಈ ಮಾತನ್ನು ಎದುರಿಗೆ ನಿಂತು ಹೇಳಲು ಬರುವುದಿಲ್ಲ.

ಇತಿ
ಶಾಂತಾರಾಮ

*

ಪುಣೆ
೯-೨-೨೦೦೦

ಅಪ್ಪಯ್ಯನಿಗೂ ಆಯಿಗೂ ನಮಸ್ಕಾರಗಳು.

ಗೈಡ್ ಇವತ್ತು ಬೀರು ತೆಗೆದು ನಂಬರುಗಳನ್ನು ಓದಿದರು. ನಾನು ಒಂದೊಂದೇ ಕುಂಡದ ಎದುರು ನಿಂತು ಗುರುತು ಮಾಡಿದೆ.

ಮಲಗಿದವು ಹೆಚ್ಚುಕಡಿಮೆ ಎಲ್ಲವೂ ಸಾದಾ ಗಿಡ. ನಿಂತವುಗಳಲ್ಲಿ ಹೆಚ್ಚಿನವು ಎಚ್ಚರದ ಗಿಡ. ನನ್ನವೂ ಕೆಲವು ಸತ್ತವು, ಅಪ್ಪಯ್ಯ, ಅದನ್ನು ಮುಚ್ಚಿಡುವುದಿಲ್ಲ. ಉಳಿದವುಗಳ ಬುಡದಲ್ಲಿ ರೋಗ ಹತ್ತಿದ ಕಂದು ಗುರುತಿದೆ. ಸಾಸಿವೆ ಕಾಳಿನಷ್ಟಾಗಿ ಅಲ್ಲಿಗೇ ಒಣಗಿ ನಿಂತುಬಿಟ್ಟಿದೆ. ಅಳೆದು ನೋಡಿದೆವು, ರೋಗ ಮುಟ್ಟಿದ ಹೊತ್ತಿಗೆ ಕಿಣ್ವ ಏರಿ, ಆಮೇಲೆ ಇಳಿದಿದೆ. ಮೇಲೆ ಹೊಸ ಎಲೆ ಬಂದಿದೆ.

ಯಾರ ಮದ್ದೂ ಇಲ್ಲದೆ ಉಳಿದವೆಂದು ಈ ಸಲ ನನಗೆ ಗೊತ್ತಿದೆ. ರೋಗ ಹಾಕಿದವರು ಯಾರೆಂದೂ ಗೊತ್ತಿದೆ. ನೀವು ಇಲ್ಲಿದ್ದಿದ್ದರೆ ಎಂದು ಸಂಜೆಯಿಂದ ಅನ್ನಿಸುತ್ತಿದೆ. ಅವತ್ತು ನೀವು ಇರಲೇ ಎಂದು ಕೇಳದೆಯೇ ಹೊರಟಿರಿ. ಕೇಳಿದ್ದರೆ ಇರಿ ಎನ್ನುತ್ತಿದ್ದೆ.

ನಿಮ್ಮ
ನಮಿತಾ

*

ಶಿರಸಿ
೪-೪-೨೦೦೧

ಚಿ. ನಮಿತಾಳಿಗೆ ಅಪ್ಪಯ್ಯನ ಆಶೀರ್ವಾದಗಳು.

ನಿನ್ನ ಪ್ರಬಂಧದ ಪ್ರತಿ ತಲುಪಿತು. ಇಂಗ್ಲಿಷಿನಲ್ಲಿ ಮುಕ್ಕಾಲು ಪಾಲು ನನಗೆ ಕಬ್ಬಿಣದ ಕಡಲೆ. ನೀನು ಚೀಟಿಯಿಟ್ಟು ಗುರುತು ಮಾಡಿದ ಪುಟವನ್ನು ಮಾತ್ರ ಎಷ್ಟು ಸಲ ಓದಿದೆನೋ. ಗಿಡಗಳಿಗೆ ರೋಗ ಹಾಕಿದವರು ಶಿರಸಿಯ ಶಾಂತಾರಾಮ ಹೆಗಡೆ ಎಂದಿದೆ. ಜೀವಮಾನವಿಡೀ ಮದ್ದು ಮಾರಿದವನ ಹೆಸರು ಪುಸ್ತಕದಲ್ಲಿ ಬಂದದ್ದು ಹೀಗೆ! ಕೆರಿಯಪ್ಪ ನೋಡಿ, ಇನ್ನು ನಿಮ್ಮ ಅಂಗಡಿಗೆ ಯಾರು ಬರುತ್ತಾರೆ ಅಂದ. ಅಂದವನೇ ಮಳೆಗಾಲಕ್ಕೆ ಬೇಕಾದ ಮೈಲುತುತ್ತವನ್ನು ಎಂದಿನಂತೆ ಕಟ್ಟಿಸಿಕೊಂಡು ಹೋದ. ನಿನ್ನ ವಿದ್ಯೆ ಬಳ್ಳಿಗೆ ಹತ್ತುವವರೆಗೆ ನನ್ನ ವ್ಯಾಪಾರಕ್ಕೆ ಭಯವಿಲ್ಲ.

ನಿನಗೆ ಕೇರಳದಲ್ಲಿ ಕಾಳುಮೆಣಸಿನ ಸಂಶೋಧನೆಯ ಕೆಲಸವೇ ಸಿಕ್ಕಿತೆಂದು ಗೊತ್ತಾದ ದಿನ ನಾನು ಚೀಲ ತುಂಬಿದೆ. ಕೊಡೆ, ಕಷಾಯದ ಪುಡಿ, ಬಾಗಿಲಿಗೆ ಹಾಕಲು ಒಂದು ಗಟ್ಟಿ ಬೀಗ, ನಿನ್ನ ಕೋಣೆಯ ಮಾಲೀಕನನ್ನು ಕಂಡು ಮಾತಾಡುವುದು ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದೆ. ನಿನ್ನ ಆಯಿ ಬಂದಳು, ಚೀಲ ನೋಡಿದಳು, ಒಳಗೆ ಹೋಗಿ ಅಕ್ಕಿ ಆರಿಸತೊಡಗಿದಳು. ಆಮೇಲೆ ಒಂದೊಂದನ್ನೇ ತೆಗೆದು ಅದರದರ ಜಾಗದಲ್ಲಿಟ್ಟೆ.

ಸುಲಭವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಈಗಲೂ ಮನಸ್ಸು ಆ ಬೀಗದ ಮೇಲೇ ಇದೆ. ಆದರೆ ನೀನು ಕರೆಯದೆ ನಾನು ಬರುವುದಿಲ್ಲ, ಇದು ಮಾತು. ಬೇಕಾದಾಗ ಕರೆ, ಸಿಕ್ಕಿದ ಲಾರಿ ಹತ್ತಿ ಬರುತ್ತೇನೆ.

ಬೇಕಿಲ್ಲದಿದ್ದರೂ ಒಮ್ಮೊಮ್ಮೆ ಕರೆ, ಮಗಾ.

ಇತಿ
ನಿನ್ನ ಅಪ್ಪಯ್ಯ